ನಮ್ಮ ಖಾನಾವಳಿಯಲ್ಲಿ ಸಿಕ್ಕ ಮೊಟ್ಟೆ

ಊಟದ ಮನೆ ಅಂತ ಒಂದು ಇಟ್ಟುಕೊಂಡ ಮೇಲೆ ಏನಾದರೂ ಒಂದು ಆಗದೆ ದಿನ ಮುಗಿಯೋದಿಲ್ಲ. ಗ್ಯಾಸ್ ಖಾಲಿಯಾಗುತ್ತೆ, ಜೋಳದ ಹಿಟ್ಟಿಗೆ ಜಿಗುಟೇ ಇರಲ್ಲ, ಯಾರದೋ ಹಲ್ಲಿನ ಸೆಟ್ಟು ಮಜ್ಜಿಗೆ ಲೋಟದಲ್ಲಿ ಸಿಗುತ್ತೆ. ಪ್ರತಿಯೊಂದಕ್ಕೂ ನಾನು ಹೆದರಿ ಸತ್ತಿದ್ದೀನಿ. ನನ್ನ ಸ್ವಭಾವವೇ ಅಂಥದ್ದು. ಕುಕ್ಕರ್ ಕೂಗಿದರೂ ಹೆದರ್ತೀನಿ, ಕೂಗದಿದ್ದರೂ ಹೆದರ್ತೀನಿ. ಆದರೆ ಹೋದ ಬೇಸಿಗೆಯಲ್ಲಿ ಆದದ್ದರ ಮುಂದೆ ಇದೆಲ್ಲಾ ಏನೂ ಅಲ್ಲ.

ನಮ್ಮದು ರಾಜಾಜಿನಗರದಲ್ಲಿ, ಕೈಗಾರಿಕಾ ಪ್ರದೇಶದ ಅಂಚಿನಲ್ಲಿರೋ ಜೋಳದ ರೊಟ್ಟಿ ಖಾನಾವಳಿ. ನಮ್ಮ ಮಾವನವರು ದಾವಣಗೆರೆ ಕಡೆಯಿಂದ ಬಂದು ಶುರು ಮಾಡಿದ್ದು. ಬೋರ್ಡಿನ ಮೇಲೆ ಖಾನಾವಳಿಯ ಹೆಸರಿಗಿಂತ ದೊಡ್ಡದಾಗಿ ‘ಶುದ್ಧ ಸಸ್ಯಾಹಾರಿ’ ಅಂತ ಬರೆಸಿದ್ದಾರೆ. ಇಲ್ಲಿ ನಾವು ಇರೋದು ನಾಲ್ಕೇ ಜನ. ಗಲ್ಲಾದಲ್ಲಿ ನಮ್ಮ ಯಜಮಾನ್ರು. ರೊಟ್ಟಿ ಬಡಿಯೋಕೆ ಹಾವೇರಿ ಕಡೆಯ ರೊಟ್ಟಿ ಅಕ್ಕ. ಬಡಿಸೋಕೆ ತಲೆ ನರೆತ ಒಬ್ಬ ಬಡಿಸೋ ಅಣ್ಣ. ಈ ಮನುಷ್ಯ ಬಡಿಸಿದರೆ ಒಂದು ತಟ್ಟೆಗೂ ಇನ್ನೊಂದು ತಟ್ಟೆಗೂ ಒಂದು ಕಾಳಿನಷ್ಟೂ ಹೆಚ್ಚುಕಮ್ಮಿ ಆಗಲ್ಲ. ಪಲ್ಯ, ಸಾರು, ಸೊಪ್ಪು ಎಲ್ಲಾ ನನ್ನದು.

ಸೊಪ್ಪು ಅಂದರೆ ರೊಟ್ಟಿ ಜೊತೆ ಹಸಿಹಸಿಯಾಗಿ ತಿನ್ನೋ ಮೆಂತ್ಯ, ಹಕ್ಕರಕಿ. ಅದರಲ್ಲಿ ನನ್ನನ್ನು ಯಾರೂ ಮೋಸ ಮಾಡೋಕಾಗಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಪ್ರತಿ ಕಟ್ಟಿನಿಂದ ಒಂದೆಲೆ ಮುರಿದು ಬಾಯಿಗೆ ಹಾಕ್ಕೊಂಡು, ಕಹಿ ನೋಡೇ ತಗೊಳ್ಳೋದು ನಾನು. ಮನೆಗೆ ತಂದ ಮೇಲೆ ಅದನ್ನ ತೊಳೆಯೋ ಪರಿ ನೋಡಿ ಯಜಮಾನ್ರು, “ಸಾಕು ಕಣೇ, ಬಣ್ಣ ಬಿಡುತ್ತೆ” ಅಂತಾರೆ.

ಈಗ ವಿಷಯ. ಸುತ್ತಮುತ್ತಲ ಕಾರ್ಖಾನೆಗಳೆಲ್ಲಾ ಒಂದೊಂದಾಗಿ ಬಾಗಿಲು ಹಾಕಿ ಅಪಾರ್ಟ್‌ಮೆಂಟ್ ಆಗ್ತಾ ಇವೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಬೆಂಚು ಖಾಲಿ. ಹೀಗೇ ಆದರೆ ಖಾನಾವಳಿ ಮುಚ್ಚಬೇಕು, ರೊಟ್ಟಿ ಅಕ್ಕ, ಬಡಿಸೋ ಅಣ್ಣ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾರೆ ಅಂತ ನನಗೆ ನಿದ್ದೆ ಇರಲಿಲ್ಲ. ಅಂಥಾ ಹೊತ್ತಲ್ಲಿ ಬಸವೇಶ್ವರನಗರದ ಒಂದು ಶಾಲೆಯವರು ಜೂನ್‌ನಿಂದ ಮಕ್ಕಳ ಮಧ್ಯಾಹ್ನದ ಊಟ ನಿಮ್ಮಲ್ಲೇ ಮಾಡಿಸ್ತೀವಿ ಅಂದರು. ಹೇಳಿಸಿದ್ದು ನಮ್ಮ ಹಳೇ ಗಿರಾಕಿ, ರಿಟೈರ್ಡ್ ಇಂಜಿನಿಯರ್ ಸಾಹೇಬ್ರು. ಅವರು ಆ ಶಾಲೆಯ ಕಮಿಟಿಯಲ್ಲಿದ್ದಾರೆ.

ಒಂದೇ ಷರತ್ತು. ಊಟಕ್ಕೆ ಕೈ ಹಚ್ಚೋ ಪ್ರತಿಯೊಬ್ಬರಿಗೂ ಮಲ ಪರೀಕ್ಷೆ ಆಗಿ, ಹೊಟ್ಟೆಯಲ್ಲಿ ಜಂತುಹುಳು ಇಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ಶಾಲೆಯ ಹೆಡ್ ಮೇಡಂ ಫೋನಲ್ಲಿ ನಿಧಾನವಾಗಿ ಹೇಳಿದರು. “ಹುಳ ಸೇರ್ಕೊಂಡ್ರೆ ಮಗು ತಿಂದದ್ದು ಮೈಗೆ ಹತ್ತಲ್ಲ, ರಕ್ತ ಕಮ್ಮಿ ಆಗುತ್ತೆ, ಪಾಠ ತಲೆಗೆ ಹೋಗಲ್ಲ. ಅದಕ್ಕೇ ಇಷ್ಟು ಕಟ್ಟುನಿಟ್ಟು.”

ಫೋನ್ ಇಡೋ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಏನೋ ಹರಿದಾಡಿದ ಹಾಗಾಯ್ತು.

ಚಟ್ನಿಪುಡಿ ಡಬ್ಬಿ

ಲ್ಯಾಬಿಂದ ಯಜಮಾನ್ರು ಪುಟ್ಟಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದರು. ಒಂದೆರಡು ಹೆಚ್ಚಿಗೇ ಇರಲಿ ಅಂತ ಕೇಳಿ ತಂದಿದ್ದರು. ಡಬ್ಬಿಯ ಮುಚ್ಚಳಕ್ಕೆ ಅಂಟಿದ ಹಾಗೆ ಒಳಗೊಂದು ಚಿಕ್ಕ ಚಮಚ. ತಂದವರು ಸುಮ್ಮನೆ ನನ್ನ ಕೈಗೆ ಕೊಡಬಾರದಾ? ಗಲ್ಲಾದ ಪಕ್ಕದ ಶೆಲ್ಫಲ್ಲಿ, ಪಾರ್ಸಲ್ ಸಾಮಾನಿನ ಜೊತೆ ಇಟ್ಟರು.

ಅವತ್ತು ಮಹಾಲಕ್ಷ್ಮಿ ಲೇಔಟ್‌ನಿಂದ ಪಾರ್ಸಲ್‌ಗೆ ಆರ್ಡರ್ ಬಂದಿತ್ತು. ಬಡಿಸೋ ಅಣ್ಣ ಎಂದಿನಂತೆ ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದ. ಅರ್ಧ ಗಂಟೆಗೆ ಒಂದು ಹೆಂಗಸಿನ ಫೋನ್ ಬಂತು. ನಾನೇ ಎತ್ತಿದೆ.

“ಆಂಟಿ, ಚಟ್ನಿಪುಡಿ ತುಂಬಾ ಚೆನ್ನಾಗಿದೆ. ಡಬ್ಬೀನೂ ಚೆನ್ನಾಗಿದೆ, ಚಮಚಾನೂ ಕೊಟ್ಟಿದೀರಿ.”

ನನಗೆ ಎದೆ ಧಸಕ್ ಅಂತು. ಖಾಲಿ ಡಬ್ಬಿ, ಹೊಸಾ ಡಬ್ಬಿ, ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. “ಹೌದಮ್ಮಾ, ಹೊಸದಾಗಿ ತರಿಸಿದ್ದು” ಅಂದೆ.

“ಒಂದೇ ಡೌಟು ಆಂಟಿ. ಡಬ್ಬಿ ಮೇಲೆ ಹೆಸರು, ವಯಸ್ಸು, ಗಂಡೋ ಹೆಣ್ಣೋ ಅಂತ ಬರೆಯೋಕೆ ಜಾಗ ಬಿಟ್ಟಿದೀರಲ್ಲ. ಅದನ್ನ ನಾವು ತುಂಬಿ ವಾಪಸ್ ಕಳಿಸಬೇಕಾ?”

ರೊಟ್ಟಿ ಅಕ್ಕನ ಮಾನ

ರೊಟ್ಟಿ ಅಕ್ಕನ ಮುಂದೆ ಡಬ್ಬಿ ಹಿಡಿದು ವಿಷಯ ಹೇಳಿದೆ. ಆಕೆ ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕೋದು ಮರೆತು ನನ್ನನ್ನೇ ನೋಡಿದಳು.

“ಛೀ, ನಾಚಿಕಿ ಬರಂಗಿಲ್ಲೇನ್ರಿ ಅಕ್ಕಾರ ನಿಮಗ? ಅದನ್ನ ಡಬ್ಬ್ಯಾಗ ಹಾಕಿ, ಮ್ಯಾಲೆ ನನ್ನ ಹೆಸರು ಬರದು, ಮಂದಿ ಮುಂದ ಇಡಬೇಕೇನ್ರಿ?”

“ಮಂದಿ ಅಲ್ಲ ಅಕ್ಕ, ಲ್ಯಾಬಲ್ಲಿ ಒಂದು ಹುಡುಗಿ ಇದಾಳೆ. ಯಂತ್ರದಲ್ಲಿ ನೋಡ್ತಾಳೆ ಅಷ್ಟೇ.”

“ನೋಡ್ತಾಳ? ಅದಕ್ಕ ಓದ್ಯಾಳ ಆಕಿ?”

ಮಕ್ಕಳ ವಿಷಯ ಅಂದೆ. ಕೆಲಸ ಉಳಿಯೋ ವಿಷಯ ಅಂದೆ. ಹುಳ ಇದ್ದರೆ ಒಂದು ಮಾತ್ರೆ, ಮುಗೀತು ಅಂದೆ. ಕೊನೆಗೆ ಕೈ ಮುಗಿಯೋದೊಂದು ಬಾಕಿ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಡಬ್ಬಿ ಇಸ್ಕೊಂಡಳು. ನನಗೂ ಪಾಪ ಅನ್ನಿಸ್ತು. ಈ ವಯಸ್ಸಲ್ಲಿ ಇವಳಿಗೆ ಇದೊಂದು ಬೇಕಿತ್ತಾ.

ಸ್ವಲ್ಪ ಹೊತ್ತು ಬಿಟ್ಟು ಒಳಗಿಂದ ಕೇಳಿದಳು. “ಅಕ್ಕಾರ, ಆ ಹುಡುಗಿಗೆ ಮದುವಿ ಆಗೈತೇನ್ರಿ?”

“ಗೊತ್ತಿಲ್ಲ, ಯಾಕೆ?”

“ದಿನಾ ಇದನ್ನ ನೋಡಿ ಮನಿಗೆ ಹೋಗಿ, ಗಂಡನ್ನ ಹ್ಯಾಂಗ ನೋಡ್ತಾಳೋ ಅಂತ.”

ಡಯಟ್

ಆ ವಾರವಿಡೀ ನನಗೆ ಹುಳದ್ದೇ ಯೋಚನೆ. ರೊಟ್ಟಿ ಅಕ್ಕ ಮೂಗು ತಿಕ್ಕಿದರೆ ಇವಳಿಗೇ ಇರಬೇಕು ಅಂತ. ಬಡಿಸೋ ಅಣ್ಣ ಹೊಟ್ಟೆ ಹಿಡ್ಕೊಂಡರೆ ಇವನಿಗೇ ಅಂತ. ಯಜಮಾನ್ರು ನಿದ್ದೆಯಲ್ಲಿ ಹಲ್ಲು ಕಡಿದಾಗ ಎದ್ದು ಕೂತು ದೀಪ ಹಾಕಿ ಅವರ ಮುಖಾನೇ ನೋಡಿದೆ. ನನ್ನ ಬಗ್ಗೆ ಮಾತ್ರ ಚಿಂತೆ ಇರಲಿಲ್ಲ. ಇಷ್ಟು ಕೈ ತೊಳೆಯೋಳಿಗೆ ಎಲ್ಲಿಂದ ಬರುತ್ತೆ?

ನಮ್ಮ ಮೇಲಿನ ಮನೆಯಲ್ಲಿ ಒಬ್ಬಾಕೆ ಇದಾಳೆ. ಬೆಳಗ್ಗೆ ಸಂಜೆ ವಾಕಿಂಗ್, ರಾತ್ರಿ ಬರೀ ಸೌತೇಕಾಯಿ, ಆದರೂ ತೂಕ ಇಳಿಯಲ್ಲ. ಅವಳಿಗೆ ನನ್ನ ಮೇಲೆ ಮೊದಲಿಂದ ಕಣ್ಣು. ಅವತ್ತು ಮೆಟ್ಟಿಲಲ್ಲಿ ಹಿಡ್ಕೊಂಡಳು.

“ಅಲ್ಲಾ ರೀ, ದಿನಾ ರೊಟ್ಟಿ, ಬೆಣ್ಣೆ, ಹೋಳಿಗೆ ತಿಂತೀರಾ. ಹಸಿವು ಹಸಿವು ಅಂತಾನೇ ಇರ್ತೀರಾ. ಮೈಗೆ ಒಂಚೂರೂ ಹತ್ತಲ್ವಲ್ಲ. ಏನು ಮಾಡ್ತೀರಾ ಹೇಳಬಾರದಾ?”

ನಾನು ಸೆರಗು ಸರಿಮಾಡ್ಕೊಂಡು ಹೇಳಿದೆ. “ಏನಿಲ್ಲ ಕಣ್ರೀ. ಎಲ್ಲಾ ಹೊಟ್ಟೆ ಒಳಗೆ ನಡೆಯೋ ಕೆಲಸ. ಕೆಲವರಿಗೆ ದೇವರೇ ಕೊಟ್ಟಿರ್ತಾನೆ.”

ಮೇಲ್ಪಂಕ್ತಿ

ಸ್ಯಾಂಪಲ್ ಕೊಡೋ ದಿನ ಬಂತು. ಎಲ್ಲರೂ ಮುಖ ಮುಖ ನೋಡ್ಕೊಂಡು ಕೂತಿದ್ದರು. ಯಾರೋ ಒಬ್ಬರು ಮೇಲ್ಪಂಕ್ತಿ ಹಾಕಿಕೊಡಬೇಕಲ್ಲ ಅಂತ ನಾನೇ ಮೊದಲು ಹೋಗಿ, ಕೆಲಸ ಮುಗಿಸಿ, ಡಬ್ಬಿ ಮೇಲೆ ನನ್ನ ಹೆಸರು ಬರೆದು ಹಿಂದುಗಡೆ ಬಾತ್‌ರೂಮಿನ ಕಿಟಕಿಯಲ್ಲಿ ಇಟ್ಟೆ. ಲ್ಯಾಬಿನವರು ಸ್ವಲ್ಪ ಸಾಕು ಅಂದಿದ್ದರು. ಆದರೆ ಕಮ್ಮಿ ಆಯ್ತು ಅಂತ ವಾಪಸ್ ಕಳಿಸಿದರೆ ಅನ್ನೋ ಭಯ ನನಗೆ. ಖಾನಾವಳಿಯವರ ಕೈ ಬೇರೆ, ಕಮ್ಮಿ ಕೊಟ್ಟು ಅಭ್ಯಾಸ ಇಲ್ಲ. ಡಬ್ಬಿ ತುಂಬಿಸೇ ಇಟ್ಟಿದ್ದೆ.

ಬಡಿಸೋ ಅಣ್ಣನಿಗೆ, “ಎಲ್ಲರದ್ದೂ ಆದ ಮೇಲೆ ನೀನೇ ಲ್ಯಾಬಿಗೆ ಕೊಟ್ಟು ಬಾ” ಅಂತ ಹೇಳಿ ಮಾರ್ಕೆಟ್ಟಿಗೆ ಹೋದೆ. ಸೊಪ್ಪಿನವಳ ಹತ್ತಿರ ಎಲೆ ಬಾಯಿಗೆ ಹಾಕ್ಕೊಂಡು ಅಗೀತಾ ನಿಂತಿದ್ದರೂ ಮನಸ್ಸೆಲ್ಲಾ ಡಬ್ಬಿ ಮೇಲೆ. ರೊಟ್ಟಿ ಅಕ್ಕ ಕೈ ಕೊಟ್ಟರೆ? ಯಜಮಾನ್ರಿಗೆ ಟೆನ್ಶನ್ ಆದರೆ ಎರಡು ದಿನ ಹೊಟ್ಟೆ ಬಿಗಿಯುತ್ತೆ, ಅವರಿಗೆ ಆಗದೇ ಹೋದರೆ?

ವಾಪಸ್ ಬಂದಾಗ ಬಡಿಸೋ ಅಣ್ಣ ಟೇಬಲ್ ಒರೆಸ್ತಾ ಇದ್ದ.

“ಏನಾಯ್ತೋ?”

“ಎಲ್ಲಾ ಆಯ್ತಕ್ಕ. ನಾಲ್ಕೂ ಡಬ್ಬಿ ಕೊಟ್ಟು ಬಂದೆ.”

“ರೊಟ್ಟಿ ಅಕ್ಕಂದು?”

“ಅವರದ್ದೂ ಇದೆ.”

“ಯಜಮಾನ್ರದ್ದು?”

“ಅವರದ್ದೂ ಇದೆ. ಯಾರಿಗೂ ಕಮ್ಮಿ ಆಗಿಲ್ಲ ಅಕ್ಕ.”

ಖುಷಿಯಾಗಿ ಅವನಿಗೆ ಅವತ್ತು ಎರಡು ಹೋಳಿಗೆ ಹೆಚ್ಚಿಗೆ ಕೊಟ್ಟೆ.

ಮೊಟ್ಟೆ

ಮಾರನೇ ದಿನ ಸರಿಯಾಗಿ ಊಟದ ಹೊತ್ತಿಗೆ ಲ್ಯಾಬಿಂದ ಫೋನ್. ಯಜಮಾನ್ರಿಗೆ ಕಿವಿ ಸ್ವಲ್ಪ ಮಂದ. ಕಿವಿ ಮಂದ ಇದ್ದವರು ಮಾತು ಜೋರು. ಗಲ್ಲಾದಲ್ಲಿ ಕೂತು ಇಡೀ ಖಾನಾವಳಿಗೆ ಕೇಳೋ ಹಾಗೆ, “ಏನು? ಮೊಟ್ಟೆನಾ? ನಾಲ್ಕು ಜನರಲ್ಲೂ ಮೊಟ್ಟೆ ಸಿಕ್ತಾ?” ಅಂದರು. ಆಮೇಲೆ ದನಿ ಇಳಿಸಿ, “ನನ್ನದರಲ್ಲೂನಾ? ನನ್ನದು ಹೇಗೆ...” ಅಂತ ಏನೋ ಹೇಳೋಕೆ ಹೋಗಿ ತಟಕ್ಕನೆ ಬಾಯಿ ಮುಚ್ಚಿದರು.

ದುಂಡುಹುಳುವಿನ ಮೊಟ್ಟೆ. ನಾಲ್ಕೂ ಡಬ್ಬಿಯಲ್ಲಿ. ಶಾಲೆ ಹೋಯ್ತು, ಖಾನಾವಳಿ ಹೋಯ್ತು, ಇಷ್ಟು ವರ್ಷದ ಹೆಸರು ಹೋಯ್ತು ಅಂತ ಕಂಬ ಹಿಡ್ಕೊಂಡು ನಿಂತೆ.

ಮೊದಲನೇ ಬೆಂಚಿನಲ್ಲಿ ಹಣೆ ತುಂಬಾ ವಿಭೂತಿ ಇಟ್ಟುಕೊಂಡು ಇಂಜಿನಿಯರ್ ಸಾಹೇಬ್ರು ಮೊಸರನ್ನ ಕಲಸ್ತಾ ಇದ್ದರು. ಅವರ ಕೈ ಅಲ್ಲೇ ನಿಂತುಬಿಡ್ತು.

“ಮೊಟ್ಟೆ? ಇಲ್ಲಿ?” ಅಂತ ನನ್ನ ಕಡೆ ನೋಡಿದರು. “ನಿಮ್ಮ ಮಾವ ಬರೆಸಿದ ಬೋರ್ಡಿನ ಕೆಳಗೆ?”

ಒಳಗಿಂದ ರೊಟ್ಟಿ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ನಾನು ಲಿಂಗ ಕಟ್ಟಿದಾಕಿ ಸಾಹೇಬ್ರ. ಮೊಟ್ಟಿ ಮುಟ್ಟಿದಾಕಿ ಅಲ್ಲ. ಯಾರ ಹೊಟ್ಟ್ಯಾಗ ಸಿಕ್ಕೈತೋ ಅವರನ್ನ ಕೇಳ್ರಿ.”

ಇದು ನನ್ನ ಸಂಕಟ. ಕೋಳಿ ಮೊಟ್ಟೆ ಅಂತ ಅವರು ತಿಳ್ಕೊಂಡರೆ ಕಮಿಟಿಯಲ್ಲಿ ನಮ್ಮ ಕಥೆ ಮುಗೀತು. ಹುಳದ ಮೊಟ್ಟೆ ಅಂತ ಹೇಳಿದರೆ, ಊಟಕ್ಕೆ ಕೂತ ಅಷ್ಟೂ ಜನ ಅಲ್ಲೇ ಎದ್ದು ಹೋಗ್ತಾರೆ. ಯಜಮಾನ್ರು ಧೈರ್ಯ ಮಾಡಿ ಎದ್ದು ನಿಂತರು.

“ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ಮೊಟ್ಟೆ ನಿಜ. ಆದರೆ ಕೋಳಿದಲ್ಲ.”

ಸಾಹೇಬ್ರು ಕೈ ತೊಳೆದು ಟವೆಲಿನಲ್ಲಿ ಒರೆಸಿಕೊಂಡು, ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು ಬಹಳ ನೋವಿನಿಂದ ಕೇಳಿದರು.

“ಬಾತುಕೋಳಿದಾ?”

ಸರಿಸಮ

ಸಂಜೆ ನಾಲ್ಕೂ ಜನ ಡಾಕ್ಟರ ಮುಂದೆ ಕೂತೆವು. ನನಗೆ ಅಳು ಬರೋ ಹಾಗಿತ್ತು. ಆದರೆ ಅಳೋಕೂ ಮೊದಲು ಸಿಟ್ಟು. “ಡಾಕ್ಟ್ರೇ, ಇವರಲ್ಲಿ ಯಾರೋ ಒಬ್ಬರು ನಮಗೆಲ್ಲಾ ಅಂಟಿಸಿದ್ದಾರೆ. ಯಾರು ಅಂತ ಈಗಲೇ ಗೊತ್ತಾಗಬೇಕು” ಅಂದೆ.

ಡಾಕ್ಟರು ತಾಳ್ಮೆಯ ಮನುಷ್ಯ. “ಇದು ಹಾಗೆ ಒಬ್ಬರಿಂದ ಒಬ್ಬರಿಗೆ ಸುಮ್ಮನೆ ಅಂಟಲ್ಲಮ್ಮ. ಈ ಮೊಟ್ಟೆ ಮಣ್ಣಲ್ಲಿ ಕೆಲವು ವಾರ ಇದ್ದು ಬಲೀಬೇಕು. ಆ ಮಣ್ಣು ತರಕಾರಿ, ಸೊಪ್ಪಿನ ಜೊತೆ ಬಾಯಿಗೆ ಹೋದರೆ ಆಗ ಬರೋದು. ಹಸಿವು ಹೆಚ್ಚು, ಹೊಟ್ಟೆನೋವು, ತಿಂದದ್ದು ಮೈಗೆ ಹತ್ತದೇ ಇರೋದು, ಇದೆಲ್ಲಾ ಆಗಬಹುದು. ತೊಳೀದೇ ಇರೋ ಸೊಪ್ಪು ಹಸಿಯಾಗಿ ತಿಂತೀರಾ ಯಾರಾದರೂ?”

“ಛೇ, ನಮ್ಮಲ್ಲಾ? ನಾನು ತೊಳೆಯೋದನ್ನ ನೀವು ನೋಡಬೇಕು” ಅಂದೆ.

“ಇನ್ನೊಂದು ವಿಚಿತ್ರ. ನಾಲ್ಕೂ ರಿಪೋರ್ಟು ಪಡಿಯಚ್ಚು ತೆಗೆದ ಹಾಗಿದೆ. ಒಂದೇ ಮನೆಯವರದ್ದೂ ಹೀಗಿರಲ್ಲ. ಒಬ್ಬರದ್ದೇ ಅನ್ನೋ ಹಾಗಿದೆ.”

ರೊಟ್ಟಿ ಅಕ್ಕ ಸೆರಗು ಮುಖಕ್ಕೆ ಎಳ್ಕೊಂಡಳು. ಯಜಮಾನ್ರು ಫ್ಯಾನ್ ನೋಡಿದರು. ಬಡಿಸೋ ಅಣ್ಣ ಎದ್ದು ನಿಂತ.

“ಬೈಬೇಡಿ ಅಕ್ಕ. ರೊಟ್ಟಿ ಅಕ್ಕ ನಾಚ್ಕೊಂಡು ಅಳ್ತಾ ಕೂತ್ರು. ಯಜಮಾನ್ರು ಒಳಗೆ ಹೋಗಿ ಎಷ್ಟು ಹೊತ್ತು ಕೂತ್ರೂ ಆಗಲಿಲ್ಲ, ನೀನೇ ಏನಾದ್ರೂ ನೋಡ್ಕೋ ಅಂತ ಖಾಲಿ ಡಬ್ಬಿ ಕೈಗೆ ಕೊಟ್ರು. ನನಗೂ ಆ ಡಬ್ಬಿ ನೋಡಿದ್ರೇ ಆಗ್ತಿರಲಿಲ್ಲ. ಲ್ಯಾಬಿನ ಟೈಮ್ ಮೀರ್ತಿತ್ತು. ಕಿಟಕೀಲಿ ಒಂದು ಡಬ್ಬಿ ತುಂಬಿತ್ತಲ್ಲ. ಅದರಲ್ಲೇ ಒಂದು ಪುಟ್ಟ ಸೌಟು ಬೇರೆ ಇತ್ತು.”

“ಅದಕ್ಕೆ?”

“ನಾಲ್ಕು ಜನಕ್ಕೂ ಬಡಿಸಿದೆ ಅಕ್ಕ.”

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ನನಗೆ ಇನ್ನೂ ತಲೆಗೆ ಹೋಗಿರಲಿಲ್ಲ. “ಕಿಟಕೀಲಿ ಇದ್ದದ್ದು ಯಾರ ಡಬ್ಬಿ?” ಅಂತ ಕೇಳಿದೆ. ಕೇಳಿದ ಮೇಲೆ ತಲೆಗೆ ಹೋಯ್ತು.

“ನಿಮ್ಮದೇ ಅಕ್ಕ. ನಮ್ಮದೆಲ್ಲಾ ಹೇಗಿರುತ್ತೋ ಏನೋ, ಗ್ಯಾರಂಟಿ ಇಲ್ಲ. ನಿಮ್ಮಷ್ಟು ಮಡಿ ಮಾಡೋರು ಯಾರಿದಾರೆ? ನಿಮ್ಮದಾದ್ರೆ ನಾಲ್ಕೂ ಜನ ಪಾಸ್ ಆಗ್ತೀವಿ ಅಂತ ಧೈರ್ಯ ಮಾಡಿದೆ.”

ಮಾರ್ಕೆಟ್ಟಿನಲ್ಲಿ ಬೇರಿಗೆ ಮಣ್ಣು ಅಂಟಿರೋ ಕಟ್ಟಿನಿಂದ ದಿನಾ ಮುರಿದು ಬಾಯಿಗೆ ಹಾಕ್ಕೊಂಡ ಎಲೆ ಒಂದೊಂದೂ ನನ್ನ ಕಣ್ಮುಂದೆ ಬಂತು. ಮೆಟ್ಟಿಲಲ್ಲಿ ಆ ಮೇಲಿನ ಮನೆಯಾಕೆಗೆ ಹೇಳಿದ ಮಾತೂ ಬಂತು. ಅಷ್ಟರಲ್ಲಿ ಸೆರಗಿನ ಒಳಗಿಂದ ರೊಟ್ಟಿ ಅಕ್ಕ ಸಮಾಧಾನವಾಗಿ ಅಂದಳು.

“ಅಂದ್ರ ಹುಳ ಅಕ್ಕಾರ್ದರಿ. ನಾವು ಬರೇ ಪ್ರಸಾದ ತಗೊಂಡೀವಿ.”

ಸಾಹೇಬ್ರ ಮನೆ

ಉಳಿದ ಮೂವರೂ ಹೊಸದಾಗಿ ಸ್ಯಾಂಪಲ್ ಕೊಟ್ಟರು. ಈ ಸಲ ಒಬ್ಬೊಬ್ಬರನ್ನೇ ಕಳಿಸಿ ನಾನು ಬಾಗಿಲ ಹೊರಗೆ ಕಾದು ನಿಂತಿದ್ದೆ. ಮೂವರಿಗೂ ಏನೂ ಇಲ್ಲ. ನನಗೆ ಡಾಕ್ಟರು ಮಾತ್ರೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದರು.

ಆದರೆ ಸಾಹೇಬ್ರು ಊಟಕ್ಕೆ ಬರೋದೇ ನಿಲ್ಲಿಸಿದ್ದರು. ಅವರ ಬೆಂಚು ನೋಡಿದಾಗೆಲ್ಲಾ ಹೊಟ್ಟೆ ಕಿವುಚುತ್ತಿತ್ತು. ಈ ಸಲ ಹುಳ ಅಲ್ಲ, ಭಯ. ಸುಳ್ಳು ಹೇಳೋಕೆ ನನಗೆ ಬರಲ್ಲ, ನಿಜ ಹೇಳಿದರೆ ಶಾಲೆ ಕೈ ತಪ್ಪುತ್ತೆ. ಕೊನೆಗೆ ಆಗಿದ್ದಾಗಲಿ ಅಂತ ಅವರ ಮನೆಗೇ ಹೋಗಿ ಸೋಫಾದ ತುದಿಯಲ್ಲಿ ಕೂತು ಎಲ್ಲಾ ಹೇಳಿದೆ. ನನ್ನ ಹೊಟ್ಟೆಯಲ್ಲಿ ಹುಳ ಇತ್ತು ಅಂದೆ, ಅದರದ್ದೇ ಮೊಟ್ಟೆ ಅಂದೆ. ಕಮಿಟಿಗೆ ನೀವೇ ತಿಳಿಸಿ, ಬೇಡ ಅಂದರೆ ಬೇಡ ಅಂದೆ. ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು.

ಸಾಹೇಬ್ರು ಕಣ್ಣು ಮುಚ್ಚಿ ಕೇಳಿಸ್ಕೊಂಡರು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು ಒಳಗೆ ಹೆಂಡತಿಗೆ ಕೂಗಿ ಹೇಳಿದರು.

“ಏ, ಕಾಫಿ ತಗೊಂಡು ಬಾ. ಪಾಪ, ಹುಳದ್ದಂತೆ. ನಾನೆಲ್ಲೋ ಕೋಳಿದು ಅಂತ ಸುಮ್ಮನೆ ಒದ್ದಾಡಿದೆ.”

ಮೊದಲನೇ ಪಂಕ್ತಿ

ಎರಡನೇ ಪರೀಕ್ಷೆಯಲ್ಲಿ ನನ್ನದೂ ಕ್ಲೀನ್ ಅಂತ ಬಂತು. ಸಾಹೇಬ್ರು ಕಮಿಟಿಗೆ ಹೇಳಿದರು, ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು, ಹೆಡ್ ಮೇಡಂ ಎಲ್ಲಾ ಓದಿ ನೋಡಿ, ಮಕ್ಕಳಿಗೆ ಸೊಪ್ಪು ಬೇಯಿಸಿಯೇ ಕೊಡಬೇಕು ಅನ್ನೋ ಒಂದು ಮಾತಿನ ಮೇಲೆ ಒಪ್ಪಿದರು. ಡಬ್ಬಿಗಳ ನಡುವೆ ಏನು ನಡೀತು ಅನ್ನೋದನ್ನ ಮಾತ್ರ ಯಾರೂ ಅವರ ಕಿವಿಗೆ ಹಾಕಿರಲಿಲ್ಲ.

ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು, “ಯಾಕಕ್ಕ, ರುಚಿ ನೋಡಲ್ವಾ?” ಅಂತ ಈಗಲೂ ಕೇಳ್ತಾಳೆ. ನಾನು ಕೈ ಹಿಂದೆ ಕಟ್ಟಿಕೊಂಡು ಸೊಪ್ಪು ಕೊಳ್ಳೋದು ಕಲಿತಿದ್ದೀನಿ. ಒಂದೆರಡು ಕೆಜಿ ಹೆಚ್ಚಾಗಿದ್ದೀನಿ ಕೂಡ. ಮೇಲಿನ ಮನೆಯಾಕೆಗೆ ತುಂಬಾ ಸಂತೋಷ ಆಗಿದೆ.

ಶಾಲೆಯಲ್ಲಿ ಮೊದಲ ದಿನ. ಉದ್ದಕ್ಕೆ ಮಕ್ಕಳು ಪಂಕ್ತಿಯಲ್ಲಿ ಕೂತಿದ್ದರು. ಉಪ್ಪು ಹೆಚ್ಚಾಯ್ತಾ, ಸಾರು ಆರಿಹೋಯ್ತಾ, ಯಾರಾದರೂ ಮುಖ ಸಿಂಡರಿಸಿದರಾ ಅಂತ ನಾನು ಗೋಡೆಗೆ ಒರಗಿ ನೋಡ್ತಾ ನಿಂತಿದ್ದೆ. ಬಡಿಸೋ ಅಣ್ಣ ಬಿಳೀ ಟೋಪಿ ಹಾಕ್ಕೊಂಡು ಸೌಟು ಹಿಡಿದು ಹೊರಟ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ತಟ್ಟೆಗೂ ಅಳೆದಿಟ್ಟ ಹಾಗೆ ಪಲ್ಯ ಬಿತ್ತು. ಒಂದು ಮಗುವೂ ಪಕ್ಕದ ತಟ್ಟೆ ನೋಡಲಿಲ್ಲ. ತಟ್ಟೆ ಖಾಲಿಯಾಗ್ತಾ ಹೋದ ಹಾಗೆ ನನ್ನ ಎದೆ ಹಗುರ ಆಯ್ತು. ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರಾಡಿದೆ.

ಹೆಡ್ ಮೇಡಂ ಹತ್ತಿರ ಬಂದು ನಿಂತು ಮೆಚ್ಚುಗೆಯಿಂದ ನೋಡಿದರು. “ಎಷ್ಟು ಚೆನ್ನಾಗಿ ಬಡಿಸ್ತಾರ್ರೀ ಇವರು. ಎಲ್ಲರಿಗೂ ಒಂದೇ ಸಮ. ಇದನ್ನ ಎಲ್ಲಿ ಕಲಿತಿರಿ?” ಅಂತ ಅವನನ್ನೇ ಕೇಳಿದರು.

ರೊಟ್ಟಿ ಅಕ್ಕ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ನಾನು ಅವನಿಗೆ ಸುಮ್ಮನಿರು ಅಂತ ಕಣ್ಸನ್ನೆ ಮಾಡಿದೆ. ಬಡಿಸೋ ಅಣ್ಣ ಮಾತ್ರ ಟೋಪಿ ಸರಿಮಾಡ್ಕೊಂಡು ಬಹಳ ವಿನಯದಿಂದ ಹೇಳಿದ.

“ನಮ್ಮ ಅಕ್ಕನ ದಯೆ ಮೇಡಂ. ನಾನು ಬಡಿಸಿದ್ದು ನಾಲ್ಕೂ ಕಡೆ ಒಂದೇ ಸಮ ಇದೆ ಅಂತ ಲ್ಯಾಬಲ್ಲೇ ರಿಪೋರ್ಟ್ ಬಂದಿದೆ.”